ನಾವು ಬಿಟ್ಟ ನಲವತ್ತು ಸೆಕೆಂಡು

ನಾವೆಂದರೆ ಇಬ್ಬರು. ಒಬ್ಬರು ಕತೆ ಬರೆಯುವವರು, ಇನ್ನೊಬ್ಬರು ಮೈಕ್‌ಸೆಟ್ ಬಾಡಿಗೆಗೆ ಕೊಡುವವರು. ಉರ್ದು ಶಾಲೆಯ ಒಂದೇ ಬೆಂಚಿನಲ್ಲಿ ಕುಳಿತು ಅಲಿಫ್-ಬೇ ಕಲಿತವರು. ಶಿವಮೊಗ್ಗದ ನಮ್ಮ ಮೊಹಲ್ಲಾದಲ್ಲಿ ಮದುವೆಯಿರಲಿ, ಮೀಲಾದ್ ಇರಲಿ, ಪಕ್ಕದ ಬೀದಿಯ ಗಣಪತಿ ಪೆಂಡಾಲಿರಲಿ, ಹಾರ್ನ್ ಕಟ್ಟಲು ಜನ ಕರೆಯುವುದು ಆ ಎರಡನೆಯವರನ್ನೇ. ಬೆಳಗಾಗುವ ಮುನ್ನಿನ ಹೊತ್ತನ್ನೇ ವಿಷಯವಾಗಿಟ್ಟುಕೊಂಡು ಒಂದು ಧ್ವನಿಸಂಕಲನ ತರುತ್ತಿದ್ದೇವೆ, ನಿಮ್ಮೂರಿನದು ನಾಲ್ಕು ನಿಮಿಷ ಕಳಿಸಿ ಎಂದು ಬೆಂಗಳೂರಿನ ಯುವಕರೊಬ್ಬರು ಕೇಳಿದಾಗ ನಮಗೆ ನಗು ಬಂತು. ಹಾಡು ಬೇಡವಂತೆ, ವಾದ್ಯವೂ ಬೇಡವಂತೆ. ಬರೀ ಸದ್ದು!

ಇದೇನೂ ಹೊಸ ಹುಚ್ಚಲ್ಲವೆಂದು ಆಮೇಲೆ ತಿಳಿಯಿತು. ಫ್ರಾನ್ಸಿನ ರೇಡಿಯೋದಲ್ಲಿದ್ದ ಪಿಯರ್ ಷೆಫರ್ 1948ರಲ್ಲಿ ರೈಲುಗಳ ಸದ್ದನ್ನೇ ಕತ್ತರಿಸಿ ಜೋಡಿಸಿ ಕೃತಿ ಮಾಡಿದ್ದರು. ಅದಕ್ಕೂ ಮೊದಲು, 1944ರಲ್ಲಿ, ಕೈರೋದ ಹಲೀಮ್ ಎಲ್-ದಬ್ ತಂತಿಯ ಮೇಲೆ ಧ್ವನಿ ಮುದ್ರಿಸುವ ಯಂತ್ರವನ್ನು ಎರವಲು ಪಡೆದು, ಹೆಂಗಸರ ಝಾರ್ ಎಂಬ ಆಚರಣೆಯನ್ನು ದಾಖಲಿಸಿದ್ದರು. ಮೈಮೇಲೆ ಬಂದದ್ದನ್ನು ಬಿಡಿಸುವ ಆಚರಣೆಯದು. ರೇಡಿಯೋ ಸ್ಟುಡಿಯೋದಲ್ಲಿ ಆ ದನಿಗಳಿಗೆ ಪ್ರತಿಧ್ವನಿ ಕೊಟ್ಟು ಅವರು ಬೇರೆಯದೇ ಲೋಕ ಕಟ್ಟಿದರು. ನಮ್ಮ ದೇಶದಲ್ಲೂ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿ ಇಂಥ ಸ್ಟುಡಿಯೋ ಶುರುವಾಗಿತ್ತು. ಅಲ್ಲಿನ ಹಳೆಯ ಟೇಪುಗಳು 2023ರಲ್ಲಿ ಸಂಕಲನವಾಗಿ ಹೊರಬಂದವು. ಸರಿ, ನಾವೂ ಒಂದು ಕೈ ನೋಡೋಣ ಎಂದುಕೊಂಡೆವು.

2025ರ ಮಾರ್ಚ್, ರಮಝಾನ್ ತಿಂಗಳು. ನಾಲ್ಕು ರಾತ್ರಿ ಮೂರೂವರೆಗೆದ್ದು ಗಲ್ಲಿ ಸುತ್ತಿದೆವು. ನಮ್ಮ ಬಾಲ್ಯದಲ್ಲಿ ದಫ್ ಬಾರಿಸುತ್ತ ಸಹರಿಗೆ ಎಬ್ಬಿಸುತ್ತಿದ್ದ ಫಕೀರರು ಈಗಿಲ್ಲ. ಅವರ ಬದಲು ಮನೆಮನೆಯ ಮೊಬೈಲುಗಳು ಹಿಂದುಮುಂದಾಗಿ ಕೂಗುತ್ತವೆ. ಗ್ಯಾಸ್ ಒಲೆ ಹೊತ್ತುವ ಸದ್ದು, ಕುಕ್ಕರಿನ ಸೀಟಿ, ಏಳದ ಮಗನನ್ನು ಬೈಯುವ ತಾಯಿ, ಬೋರ್‌ವೆಲ್ಲಿನ ಗುಂಯ್‌ಗುಡುವಿಕೆ. ಎಲ್ಲ ಸಿಕ್ಕಿತು. ಕೊನೆಯ ರಾತ್ರಿ ಮಸೀದಿಯ ಮೆಟ್ಟಿಲ ಬಳಿ ಯಂತ್ರವಿಟ್ಟಾಗ ಒಳಗಿನಿಂದ ಮುಅಝ್ಝಿನ್ ಸಾಹೇಬರು ಕೆಮ್ಮಿ ಗಂಟಲು ಸರಿಮಾಡಿಕೊಂಡದ್ದು, ಆಮೇಲೆ ಮೈಕಿಲ್ಲದ ಅವರ ಅಝಾನ್.

ಮೈಕಿಲ್ಲದ್ದಕ್ಕೆ ಕಾರಣವಿದೆ. 2000ರ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಕೂಡದು. 2022ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಅದರ ಜಾರಿಗೆ ಸುತ್ತೋಲೆ ಹೊರಡಿಸಿದ ಮೇಲೆ, ನಾವೇ ಕಟ್ಟಿದ್ದ ಹಾರ್ನ್ ಫಜ್ರ್ ಹೊತ್ತಿನಲ್ಲಿ ಬಾಯಿ ಮುಚ್ಚಿತು. ನಿಯಮ ಎಲ್ಲರಿಗೂ ಒಂದೇ ಆದರೆ ನಮಗೆ ತಕರಾರಿಲ್ಲ. ಹಸುಗೂಸುಗಳು, ಕಾಯಿಲೆಯವರು ನಮ್ಮ ಮನೆಗಳಲ್ಲೂ ಇದ್ದಾರೆ. ನೋವಾದದ್ದು ಬೇರೆ ಕಾರಣಕ್ಕೆ. ಆ ದಿನಗಳ ಟಿವಿ ಚರ್ಚೆಗಳಲ್ಲಿ ಅಝಾನ್ ಎಂಬುದು ಬರೀ ಡೆಸಿಬಲ್ ಆಗಿಹೋಗಿತ್ತು.

ಈಗ ನಾವು ಮಾಡುತ್ತಿದ್ದುದಾದರೂ ಏನು? ಕಂಪ್ಯೂಟರಿನ ಮುಂದೆ ಕುಳಿತು, ಅಝಾನಿನ ಕೊನೆಯ ಸ್ವರವನ್ನು ಎಳೆದು, ಅದಕ್ಕೆ ಗುಹೆಯ ಪ್ರತಿಧ್ವನಿ ಕೊಟ್ಟು, ಕುಕ್ಕರಿನ ಸೀಟಿಯ ಜೊತೆ ಬೆರೆಸುತ್ತಿದ್ದೆವು. ಕೇಳಲು ಚೆನ್ನಾಗಿಯೇ ಇತ್ತು. ಒಳಗಿನಿಂದ ಅಮ್ಮಿ ಬಂದು ನಿಂತರು. “ಅದನ್ನು ಹಾಗೆ ಎಳೀಬೇಡ್ರೋ ಬೇಟಾ” ಎಂದಷ್ಟೇ ಹೇಳಿ ಹೋದರು. ನಮ್ಮಿಬ್ಬರಲ್ಲಿ ಜಗಳವಾಯಿತು. ಕಲೆಗೆ ಇದೆಲ್ಲ ತಡೆಯಾಗಬಾರದು ಎಂದವರು ಕತೆಯವರು. ಹಾರ್ನ್ ಕಟ್ಟುವವರು ಸುಮ್ಮನಿದ್ದರು. ಕೊನೆಗೆ ಮುಅಝ್ಝಿನ್ ಸಾಹೇಬರನ್ನೇ ಕೇಳಿದೆವು. ಅವರು ಸಿಟ್ಟಾಗಲಿಲ್ಲ.

“ಅಝಾನ್ ಅಂದ್ರೆ ಕರೆ ಕಣಪ್ಪಾ. ಕರೆದ ಮೇಲೆ ಜನ ಬರಬೇಕು. ಮಟಮಟ ಮಧ್ಯಾಹ್ನ ನಿಮ್ಮ ಆಲ್ಬಂ ಹಾಕ್ಕೊಂಡು ಕೇಳಿದವನು ಎಲ್ಲಿಗೆ ಬರ್ತಾನೆ?”

ನಮ್ಮ ಬಳಿ ಉತ್ತರವಿರಲಿಲ್ಲ. ಅಝಾನನ್ನು ತೆಗೆದೆವು. ಕೆಮ್ಮನ್ನು ಮಾತ್ರ ಉಳಿಸಿಕೊಂಡೆವು. ಅದರ ನಂತರ ನಲವತ್ತು ಸೆಕೆಂಡು ಗಲ್ಲಿಯ ಬರಿಯ ಗಾಳಿ. ಆಮೇಲೆ ಒಂದೊಂದಾಗಿ ಮಸೀದಿಯತ್ತ ನಡೆವ ಚಪ್ಪಲಿಗಳ ಸದ್ದು.

ಕಳಿಸಿದ ಮೂರನೇ ದಿನ ಬೆಂಗಳೂರಿನಿಂದ ಫೋನ್ ಬಂತು. “ಸರ್, ಮಧ್ಯೆ ಏನೋ ಕಟ್ ಆಗಿದೆ, ಇನ್ನೊಮ್ಮೆ ಕಳಿಸ್ತೀರಾ?” ಕಟ್ ಆಗಿಲ್ಲ, ಅದು ಹಾಗೇ ಇರಬೇಕು ಎಂದೆವು. ಯಾಕೆಂದು ವಿವರಿಸಿದಾಗ ಆ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಸರಿ ಸರ್, ಇರಲಿ ಎಂದ.

ಸಂಕಲನ ಬಂದ ದಿನ ಅಮ್ಮಿಗೆ ಕೇಳಿಸಿದೆವು. ಮಗನನ್ನು ಬೈಯುವ ದನಿ ಬಂದಾಗ ಅದು ಯಾರ ಮನೆಯದೆಂದು ಗುರುತಿಸಿ ನಕ್ಕರು. ಕೆಮ್ಮು ಕೇಳಿಸಿತು. ಆಮೇಲೆ ಏನೂ ಇಲ್ಲ.

ಅಮ್ಮಿ ಮಾತು ನಿಲ್ಲಿಸಿ, ಜಾರಿದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು.