ದೇಗ್ಚಿ ಮನೆಯಲ್ಲೇ ಉಳಿಯಿತು

ಪ್ರಯಾಣದಲ್ಲಿರುವವರು ನಾಲ್ಕು ರಕಅತ್ ನಮಾಝನ್ನು ಎರಡಕ್ಕೆ ಇಳಿಸಿಕೊಳ್ಳುತ್ತಾರಲ್ಲ, ಆ ರಿಯಾಯಿತಿ ಸಿಗುವಷ್ಟು ದೂರವೂ ಅಲ್ಲ ನಮ್ಮ ಶಿವನಿಯಿಂದ ಲಿಂಗದಹಳ್ಳಿಯ ಬೆಟ್ಟಗಳಿಗೆ. ಆದರೆ ಹೊರಡುವ ದಿನ ಅಂಗಳದಲ್ಲಿ ಬೀಳುತ್ತಿದ್ದ ಸಾಮಾನು ನೋಡಿದರೆ ಹಜ್ಜಿಗೆ ಹೊರಟವರ ಹಾಗೆ. ತಾಮ್ರದ ದೇಗ್ಚಿ, ಸ್ಟೌ, ಡಜನ್‌ಗಟ್ಟಲೆ ತಟ್ಟೆ, ಮಸಾಲೆಯ ಡಬ್ಬಿಗಳು, ರಜಾಯಿಗಳು, ಬದನಾ, ಮೇಲೆ ಅಮ್ಮಿಯ ಪಾನ್‌ದಾನ್!

ನಮ್ಮ ಪಕ್ಕದ ಅಜ್ಜಂಪುರದಲ್ಲಿ ಅಮೃತಮಹಲ್ ತಳಿಯ ಸಂವರ್ಧನಾ ಕೇಂದ್ರವಿದೆ. ಮೈಸೂರು ಅರಸರ 'ಬೆಣ್ಣೆ ಚಾವಡಿ'ಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಈ ಎತ್ತುಗಳ ಬಲದಿಂದ ಹೈದರಾಲಿಯ ಸೈನ್ಯ ಎರಡೂವರೆ ದಿನದಲ್ಲಿ 100 ಮೈಲಿ ನಡೆದು ಚಿದಂಬರಂ ತಲುಪಿತೆಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಮಕ್ಕಳಿಗೆ ಈ ಕಥೆಯನ್ನು ಎಷ್ಟೋ ಸಲ ಹೇಳಿದ್ದೇವೆ. ಸೈನ್ಯದ ಸಾಮಾನು ಎತ್ತುಗಳು ಎಳೆದವು, ಸರಿ. ನಮ್ಮ ಮನೆಯ ಸಾಮಾನು ಎಳೆಯುತ್ತಿದ್ದವರು ಯಾರು? ಅದನ್ನು ನಾವು ಯೋಚಿಸಿರಲಿಲ್ಲ.

ಕಳೆದ ಡಿಸೆಂಬರ್‌ನಲ್ಲಿ ಮಕ್ಕಳು ಡೇರೆ ಹಾಕಿ ಕಾಡಿನಲ್ಲಿ ಮಲಗಬೇಕೆಂದು ಹಟ ಹಿಡಿದರು. ಭದ್ರಾ ಅಭಯಾರಣ್ಯದೊಳಗೆ ನಮ್ಮಿಷ್ಟದಂತೆ ಡೇರೆ ಹಾಕುವಂತಿಲ್ಲ, ಬೆಂಕಿ ಹೊತ್ತಿಸುವಂತಿಲ್ಲ. 1998ರಿಂದ ಅದು ಹುಲಿ ಮೀಸಲು ಪ್ರದೇಶ. ಹೀಗಾಗಿ ಕಲ್ಲತ್ತಿಗಿರಿಯ ಕಡೆ ಕಾಫಿ ತೋಟವಿರುವ ಗೆಳೆಯರನ್ನು ಕೇಳಿದೆವು. ತೋಟದಂಚಿನಲ್ಲಿ ಜಾಗ ಕೊಡುತ್ತೇನೆ, ಆದರೆ ಅಕ್ಕಿ, ಬೆಲ್ಲ, ಹಣ್ಣುಗಳನ್ನು ಡೇರೆಯಲ್ಲಿ ಇಟ್ಟುಕೊಳ್ಳಬೇಡಿ, ವಾಸನೆಗೆ ಆನೆ ಬರುತ್ತದೆ ಎಂದರು ಅವರು.

"ಹಾಗಾದರೆ ಅಡುಗೆ ಮಾಡುವುದು ಬೇಡವೇ?" ಎಂದು ನಮ್ಮಾಕೆ ಎರಡು ಸಲ ಕೇಳಿದಳು. ಬೇಡ ಎಂದೆವು. ನಂಬಿಕೆ ಬಂದಂತೆ ಕಾಣಲಿಲ್ಲ. "ಬಿರಿಯಾನಿ ಇಲ್ಲದ ಸಫರ್ ಎಂಥದ್ದಪ್ಪಾ?" ಎಂದು ಅಮ್ಮಿ ಗೊಣಗಿದರು.

ಒಬ್ಬೊಬ್ಬರಿಗೆ ಒಂದೇ ಚೀಲ, ಅವರವರ ಚೀಲ ಅವರವರ ಬೆನ್ನಿಗೆ. ಒಂದು ಜೊತೆ ಬಟ್ಟೆ, ಒಂದು ಸ್ವೆಟರ್, ಟಾರ್ಚು, ಒಂದು ಚಾದರ. ಚಾದರವೇ ಜಾನಮಾಜ್, ಅದೇ ದಸ್ತರ್‌ಖಾನ್, ಮಡಿಸಿದರೆ ದಿಂಬು. ಒಂದು ರಾತ್ರಿಗೆ ಬೇಕಾದಷ್ಟು ರೊಟ್ಟಿ, ಚಟ್ನಿಪುಡಿ, ಬೇಯಿಸಿದ ಮೊಟ್ಟೆ, ಖರ್ಜೂರ. ಮಿಕ್ಕದ್ದನ್ನು ತೋಟದ ಮನೆಯಲ್ಲಿ ಇಟ್ಟು ಡೇರೆಗೆ ಹೋಗುವುದೆಂದು ತೀರ್ಮಾನಿಸಿದೆವು.

ರಜಾಯಿಗಳನ್ನೂ ಬಿಟ್ಟದ್ದು ಮಾತ್ರ ನಮ್ಮ ಜಾಣತನದ ಅತಿರೇಕ. ರಾತ್ರಿ ಎರಡು ಗಂಟೆಗೆ ಎಲ್ಲರ ಹಲ್ಲು ಕಟಕಟ. ಚಿಕ್ಕವಳು ಅಜ್ಜಿಯ ಶಾಲಿನೊಳಗೆ ತೂರಿಕೊಂಡಳು. "ದೇಗ್ಚಿ ಬಿಟ್ಟದ್ದು ಸರಿ, ರಜಾಯಿ ಏನು ಪಾಪ ಮಾಡಿತ್ತು?" ಎಂದು ಅಮ್ಮಿ ಕತ್ತಲಲ್ಲೇ ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ತೂಕ ಕಡಿಮೆ ಮಾಡಲು ಹೊರಟ ಗಂಡಸಿಗೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದಿಲ್ಲ.

ಬೆಳಿಗ್ಗೆ ಕೆಮ್ಮಣ್ಣುಗುಂಡಿಗೆ ಏರಿದೆವು. ಸಮುದ್ರಮಟ್ಟದಿಂದ 1434 ಮೀಟರ್ ಎತ್ತರದ ಆ ಗಿರಿಧಾಮಕ್ಕೆ ನಮ್ಮ ಮದುವೆಯಾದ ಮೇಲೆ ಆರೇಳು ಸಲವಾದರೂ ಹೋಗಿದ್ದೇವೆ. ಅಮ್ಮಿ ರಾಜಭವನದ ತೋಟದಲ್ಲಿ ಬಿಸಿಲು ಕಾಯುತ್ತ ಕುಳಿತರು. ನಾವು ಮಕ್ಕಳೊಂದಿಗೆ ಝಡ್ ಪಾಯಿಂಟಿನ ಕಾಲುದಾರಿ ಹಿಡಿದೆವು.

ಅರ್ಧ ದಾರಿಯಲ್ಲಿ ನಮ್ಮಾಕೆ "ಇನ್ನೆಷ್ಟು ದೂರ?" ಎಂದಳು.

"ಮರೆತುಬಿಟ್ಟೆಯಾ? ಎಷ್ಟು ಸಲ ಬಂದಿದ್ದೇವೆ!"

"ನೀವು ಬಂದಿದ್ದೀರಿ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಆಗ ಲೆಕ್ಕ ಹಾಕಿದೆವು. ಪ್ರತಿ ಸಲವೂ ನಾವು ಮಕ್ಕಳನ್ನು ಕರೆದುಕೊಂಡು ಗುಡ್ಡ ಹತ್ತಿ, ಹಸಿದು ಇಳಿದು ಬಂದಾಗ ಬಿರಿಯಾನಿಯ ದಮ್ ಬಿಚ್ಚಲು ಸಿದ್ಧವಾಗಿರುತ್ತಿತ್ತು. ಕೆಳಗೆ ಉಳಿದು, ಗಾಳಿಗೆ ಆರುವ ಸ್ಟೌ ಮತ್ತೆ ಮತ್ತೆ ಹಚ್ಚಿ, ಆಮೇಲೆ ತಟ್ಟೆಗಳನ್ನು ತೊಳೆದವಳು ಇವಳೇ. ಹೆಣ್ಣಿನ ಬವಣೆಯ ಬಗ್ಗೆ ನಾಲ್ಕಾರು ಕಥೆ ಬರೆದವರು ನಾವು!

ಕೊನೆಯ ತಿರುವು ದಾಟುತ್ತಿದ್ದಂತೆ ಮಂಜು ಸರಿದು ಕಣಿವೆ ಪೂರಾ ತೆರೆದುಕೊಂಡಿತು. ಅವಳು ಚೀಲ ಇಳಿಸಿ ಬಂಡೆಯ ಮೇಲೆ ಕುಳಿತಳು. ಮಕ್ಕಳಿಗೆ ಖರ್ಜೂರ ಹಂಚುವ ಕೆಲಸ ನಮಗೆ ಬಿತ್ತು. ಅವಳ ಪಾಲಿನ ಎರಡನ್ನು ಕೊಡಲು ಹೋದರೆ, ಈಗಲೇ ಬೇಡ ಎಂದು ಕೈಯಲ್ಲೇ ಸನ್ನೆ ಮಾಡಿದಳು. ಸ್ವಲ್ಪ ಹೊತ್ತಾದ ಮೇಲೆ, "ಇದೆಲ್ಲ ಆಗಲೂ ಹೀಗೇ ಇತ್ತೇ?" ಎಂದು ಕೇಳಿದಳು.

ಹೂಂ ಎಂದೆವು.