ತಪ್ಪು ಯಾರದು?

2012ನೆಯ ಇಸವಿಯ ಮಾತು. ತಾಯಿಯವರು ಹೇಳುತ್ತಿದ್ದ ಹಾಡುಗಳನ್ನು ಮನೆಯ ಗಣಕಯಂತ್ರದಲ್ಲಿ ಬೆರಳಚ್ಚು ಮಾಡತೊಡಗಿದ್ದೆನು. ಅರ್ಧ ಪುಟ ಮುಗಿಯುವಷ್ಟರಲ್ಲಿ ಬರವಣಿಗೆಯ ತಂತ್ರಾಂಶವು ತಾನಾಗಿಯೇ ಮುಚ್ಚಿಕೊಳ್ಳುವುದು, ಬರೆದುದೆಲ್ಲ ಮಾಯ! ಅದನ್ನು ತೆಗೆದು ಎರಡು ಬಾರಿ ಹೊಸದಾಗಿ ಅಳವಡಿಸಿದರೂ ಫಲವಾಗಲಿಲ್ಲ. ಕೊನೆಗೆ ನನ್ನ ಸಂಶಯವು, ಆಟವಾಡಲು ಬರುತ್ತಿದ್ದ ಸೋದರಳಿಯನ ಮೇಲೆ ಬಿದ್ದಿತು. ಗದರಿಸಿದೆನು. ಅವನು ಬರುವುದನ್ನೇ ಬಿಟ್ಟನು.

ದುರಸ್ತಿಗೆ ಬಂದ ತರುಣನು, "ಇದೊಂದೇ ನಿಲ್ಲುತ್ತದೆಯೋ, ಬೇರೆಯವೂ ನಿಲ್ಲುತ್ತವೆಯೋ?" ಎಂದು ಕೇಳಿದನು. ಲೆಕ್ಕದ ಹಾಳೆಯೂ ಹಾಗೆಯೇ ನಿಲ್ಲುತ್ತಿದ್ದುದು ಆಗ ನೆನಪಾಯಿತು. "ಹಾಗಾದರೆ ಯಂತ್ರವನ್ನೇ ನೋಡೋಣ, ಸಾರ್" ಎಂದು ಸ್ಮರಣಕೋಶಗಳ ಪರೀಕ್ಷೆಗೆ ತೊಡಗಿದನು. ಆ ಪರೀಕ್ಷೆಯು ಪ್ರತಿಯೊಂದು ಕೋಶದಲ್ಲಿಯೂ ಸೊನ್ನೆ, ಒಂದುಗಳನ್ನು ಬರೆದು, ಮರಳಿ ಓದಿ, ತಾಳೆ ನೋಡುತ್ತದೆ. ನಮಗೆ ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದ ಮೇಷ್ಟರೂ ಅಷ್ಟು ನಿಷ್ಠುರರಾಗಿರಲಿಲ್ಲ! ತೆರೆಯ ಮೇಲೆ ಕೆಂಪು ಸಾಲುಗಳು ಮೂಡಿದವು. ಒಳಗಿದ್ದ ಎರಡು ರ‍್ಯಾಮ್ ಪಟ್ಟಿಗಳನ್ನು ಕಳಚಿ, ಒಂದೊಂದನ್ನೇ ಹಾಕಿ ನೋಡಿದಾಗ ದೋಷವು ಒಂದರಲ್ಲಿ ಮಾತ್ರ ಕಂಡಿತು. ಅಲ್ಲಿ ಬರೆದ ಸೊನ್ನೆಯು ಒಂದಾಗಿ ಮರಳುತ್ತಿತ್ತು. ಆ ಜಾಗಕ್ಕೆ ಬಂದ ತಂತ್ರಾಂಶ ಯಾವುದಾದರೂ ಮುಗ್ಗರಿಸಲೇಬೇಕು.

ಅಂದು ಸಂಜೆಯೇ ತಂಗಿಯ ಮನೆಗೆ ಹೋದೆನು. ಹುಡುಗನು ಬಾಗಿಲ ಮರೆಯಲ್ಲಿ ನಿಂತಿದ್ದನು. ಕೆಟ್ಟ ಪಟ್ಟಿಯನ್ನು ಅವನ ಅಂಗೈಯಲ್ಲಿಟ್ಟು, "ತಪ್ಪು ಇದರದು ಕಣೋ, ನಿನ್ನದಲ್ಲ" ಎಂದೆನು. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದನ್ನು ನಾನೇ ಇಟ್ಟುಕೊಳ್ಳಲೇ, ಮಾವ?" ಎಂದನು.