ಎರಡು ಜೀವದ ಹುಡುಗಿ

ಬಸುರಿಯನ್ನು ನಮ್ಮ ಕಡೆ ‘ಎರಡು ಜೀವದವಳು’ ಎನ್ನುವುದುಂಟು. ಚೆಲುವಾದ ಮಾತು. ಆದರೆ ಹದಿನಾರು, ಹದಿನೇಳರ ಬಸುರಿಯ ವಿಷಯದಲ್ಲಿ ಈ ಲೆಕ್ಕ ಸಾಲದು. ಒಳಗಿನ ಕೂಸಿನಂತೆ ಹೊತ್ತವಳೂ ಇನ್ನೂ ಬೆಳೆಯುತ್ತಿರುತ್ತಾಳೆ. ಎತ್ತರ ನಿಂತ ಮೇಲೂ ಸೊಂಟದ ಎಲುಬಿನ ಕಟ್ಟು ಕೆಲವು ವರ್ಷ ಅಗಲವಾಗುತ್ತಲೇ ಇರುತ್ತದೆ. ಬಸಿರಿನಲ್ಲಿ ಮೈಯ ರಕ್ತ ಸುಮಾರು ಅರ್ಧದಷ್ಟು ಹೆಚ್ಚಬೇಕು. ಅದಕ್ಕೆ ಕಬ್ಬಿಣದ ಅಂಶ ಬೇಕು. ಮುಟ್ಟು ಶುರುವಾಗಿ ನಾಲ್ಕೇ ವರ್ಷವಾದ ಹುಡುಗಿಯ ಮೈಯಲ್ಲಿ ಅಂಥ ಉಳಿತಾಯ ಎಲ್ಲಿಂದ ಬರಬೇಕು? ಒಂದು ಮುದ್ದೆಗೆ ಬೆಳೆಯುವ ಮಕ್ಕಳಿಬ್ಬರು ಕೈಚಾಚಿದಂತೆ.

ಹೇಮಾವತಿಯ ದಡದ ಅಕ್ಕಿಹೆಬ್ಬಾಳಿನಲ್ಲಿ, ನನ್ನ ಬಂಧುಗಳ ಬೀದಿಯಲ್ಲಿ, ಇಂಥ ಒಬ್ಬಳನ್ನು ಕಂಡೆ. ಊರಿನ ಹೆಸರಿನಲ್ಲೇ ಅಕ್ಕಿಯಿದೆ. ಆಕೆಗೆ ಮಾತ್ರ ಅರ್ಧ ಹೊಟ್ಟೆ. ಕೂಸು ದಪ್ಪವಾದರೆ ಹೆರಿಗೆ ಕಷ್ಟವೆಂದು ಅತ್ತೆಯ ಅಂಜಿಕೆ. ಆ ಅಂಜಿಕೆಯನ್ನು ನಾನು ಹೀಗಳೆಯಲಾರೆ. ಎಳೆಯ ಸೊಂಟದಲ್ಲಿ ಕೂಸು ಸಿಕ್ಕಿಕೊಂಡು ತಾಯಿ ಮಗು ಇಬ್ಬರೂ ಹೋದದ್ದನ್ನು ಹಿಂದಿನವರು ಕಣ್ಣಾರೆ ಕಂಡಿದ್ದರು. ಆದರೆ ಉಪವಾಸದಿಂದ ಎಲುಬು ಅಗಲವಾಗದು. ಕೂಸು ಸೊರಗುತ್ತದೆ, ಹುಡುಗಿ ಇನ್ನಷ್ಟು ಸೊರಗುತ್ತಾಳೆ. ಕೊಟ್ಟ ಕಬ್ಬಿಣದ ಮಾತ್ರೆಯನ್ನೂ ಆಕೆ ಕಾಫಿಯ ಜೊತೆ ನುಂಗುತ್ತಿದ್ದಳು. ಹಾಗೆ ನುಂಗಿದ್ದು ಮೈಗೆ ಸರಿಯಾಗಿ ಹತ್ತುವುದಿಲ್ಲ.

ಕಾಲು ಬಾತಿತ್ತು. ‘ಬಸುರಿಗೆ ಅದು ಇದ್ದದ್ದೇ’ ಎಂದರು ಅತ್ತೆ. ಇದ್ದದ್ದೇ, ನಿಜ. ಆದರೆ ಮುಖ, ಕೈ ಬಾತು, ತಲೆ ಸಿಡಿದು, ಕಣ್ಣು ಮಂಜಾದರೆ ಅದು ರಕ್ತದೊತ್ತಡ ಏರಿದ ಗುರುತು. ತಡಮಾಡಿದರೆ ಫಿಟ್ಸ್ ಬಂದೀತು. ಎಳೆಯ ಚೊಚ್ಚಲು ಬಸುರಿಯರಿಗೆ ಈ ಅಪಾಯ ಹೆಚ್ಚು. ಇದೇ ತಾಲ್ಲೂಕಿನ ಕಿಕ್ಕೇರಿಯಲ್ಲಿ ಹುಟ್ಟಿದ ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ 1942ರದು. ಅದನ್ನು ಹಿಡಿದು ಹೊಸ ಹೆಂಡತಿಯ ನಾಚಿಕೆಯ ಬಗ್ಗೆ ತರಗತಿಯಲ್ಲಿ ಗಂಟೆಗಟ್ಟಲೆ ಹೇಳುತ್ತೇವೆ. ಕಾಲಿನ ಬಾವಿನ ಬಗ್ಗೆ ಹೇಳಬೇಕಾದಾಗ ಕನ್ನಡ ಮೇಷ್ಟರುಗಳ ನಾಲಗೆಯೇಕೋ ತಡವರಿಸುತ್ತದೆ.

ಒಳಗೆ ಕರೆದು ಹುಡುಗಿ ಸೆರಗು ಸರಿಸಿದಳು. ‘ದೊಡ್ಡವ್ವ, ಈ ಗೆರೆಗಳು ಹೋಯ್ತವಾ?’ ಮಾಸುತ್ತವೆ, ಪೂರ್ತಿ ಹೋಗವು ಎಂದೆ. ಆಚೆಯಿಂದ ಅತ್ತೆ, ‘ಬಸುರಿಗೆಂಥ ಅಂದಚೆಂದ?’ ಎಂದು ಗದರಿಸಿದರು. ಅದು ಅಂದಚೆಂದದ ಮಾತಾಗಿರಲಿಲ್ಲ. ದೊಡ್ಡವಳಾದ ತನ್ನ ಮೈಯ ಪರಿಚಯ ಆಕೆಗೆ ಆಗತೊಡಗಿತ್ತಷ್ಟೆ. ಅಷ್ಟರಲ್ಲಿ ಅದು ಮತ್ತೆ ಬೇರೆಯಾಗಿತ್ತು.

ಮೈಸೂರು ಸಂಸ್ಥಾನ 1894ರಲ್ಲೇ ಎಂಟು ತುಂಬದ ಹುಡುಗಿಯರ ಮದುವೆಯನ್ನು ನಿಷೇಧಿಸಿತ್ತು. 1978ರಲ್ಲಿ ದೇಶದ ಕಾನೂನು ಹದಿನೆಂಟಕ್ಕೆ ಬಂತು. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ವೇಳೆಗೆ, ಕರ್ನಾಟಕದ 15ರಿಂದ 19ರ ಹುಡುಗಿಯರಲ್ಲಿ ನೂರಕ್ಕೆ ಐದಕ್ಕಿಂತ ಹೆಚ್ಚು ಮಂದಿ ತಾಯಂದಿರು ಅಥವಾ ಬಸುರಿಯರು. ಕಾನೂನು ಬೇಕು, ಬಿಗಿಯಾಗಿಯೇ ಬೇಕು. ಆದರೆ ಪೊಲೀಸರ ಹೆದರಿಕೆಯಿಂದ ಮನೆಯವರು ಬಸುರಿಯನ್ನು ಬಚ್ಚಿಟ್ಟರೆ ಆಶಾ ಕಾರ್ಯಕರ್ತೆ ಬಂದು ನೋಡುವುದೂ ತಪ್ಪುತ್ತದೆ, ತಾಯಿ ಕಾರ್ಡೂ ತಡವಾಗುತ್ತದೆ. ದೊಡ್ಡವರ ತಪ್ಪಿಗೆ ದಂಡ ತೆರುವುದು ಆ ಹುಡುಗಿಯ ಮೈ.

ಈಕೆಯದು ಸುಖವಾಗಿ ಮುಗಿಯಿತು. ಗಂಡುಮಗು, ತೂಕ ತುಸು ಕಡಿಮೆ. ಬಾಣಂತಿತನದಲ್ಲಿ ಮತ್ತೆ ನೋಡಿದಾಗ ಕೆನ್ನೆ ಇಳಿದಿತ್ತು. ಹಾಲೂಡಿಸುವ ಎಳೆಯ ಎಲುಬಿಗೆ ರಾಗಿ, ಹಾಲು, ಸೊಪ್ಪು ಬೇಕು; ಇನ್ನೊಂದು ಬಸಿರು ಎರಡು ವರ್ಷವಾದರೂ ಬೇಡ ಎಂದು ನರ್ಸಮ್ಮ ಹೇಳಿಹೋಗಿದ್ದರಂತೆ. ಅತ್ತೆ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಹುಡುಗಿ ಮಾತ್ರ ಮಗುವನ್ನು ಭುಜ ಬದಲಿಸಿ ಹಾಕಿಕೊಂಡು, ‘ಅಷ್ಟರೊಳ್ಗೆ ಪಿಯುಸಿ ಮುಗಿಸ್ಬೋದಾ, ದೊಡ್ಡವ್ವ?’ ಎಂದಳು.